ಖೋಲಿಯ ಒಲೆ: ಗ್ಯಾಸೋ, ವಿದ್ಯುತ್ತೋ?

ಊರು ಬಿಟ್ಟು ಬಂದ ನಾಲ್ಕಾರು ಮಂದಿ ಕೂಡಿ ಒಂದು ಖೋಲಿ ಹಿಡಿದರೆಂದರೆ, ಬಾಡಿಗೆ ಡಿಪಾಜಿಟ್ಟುಗಳ ಮಾತು ಮುಗಿದೊಡನೆ ಏಳುವ ಪ್ರಶ್ನೆ ಒಲೆಯದು. ಖಾನಾವಳಿಯ ಊಟ ಒಗ್ಗದವರು, ಊಟ ಒಗ್ಗಿದರೂ ಅದರ ಬಿಲ್ಲು ಒಗ್ಗದವರು, ಅಡಿಗೆಯನ್ನು ತಾವೇ ಮಾಡಿಕೊಳ್ಳಲು ಹೊರಡುತ್ತಾರೆ. ಒಬ್ಬನು ಗ್ಯಾಸೇ ಅಗ್ಗವೆನ್ನುತ್ತಾನೆ. ಇನ್ನೊಬ್ಬನು ಇಂಡಕ್ಷನ್ ಒಲೆಯೇ ಅಗ್ಗವೆಂದು ಹಟ ಹಿಡಿಯುತ್ತಾನೆ. ಇಬ್ಬರ ಮಾತಿನಲ್ಲಿಯೂ ಲೆಕ್ಕವಿರುವುದಿಲ್ಲ. ಲೆಕ್ಕವಾದರೋ ಕಷ್ಟದ್ದೇನಲ್ಲ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯಿಸಲು ಒಂದು ಕಿಲೋಕ್ಯಾಲೊರಿ ಉಷ್ಣ ಬೇಕು. ಒಂದು ಕಿಲೋ ಅಡಿಗೆ ಗ್ಯಾಸು ಉರಿದರೆ ಸುಮಾರು 11,000 ಕಿಲೋಕ್ಯಾಲೊರಿ ಹುಟ್ಟುತ್ತದೆ. ವಿದ್ಯುತ್ತಿನ ಒಂದು ಯೂನಿಟ್ಟಿನಲ್ಲಿರುವುದು 860. ಆದರೆ ಹುಟ್ಟಿದ ಉಷ್ಣವೆಲ್ಲ ಅನ್ನಕ್ಕೆ ಮುಟ್ಟುವುದಿಲ್ಲ. ಗ್ಯಾಸಿನ ಉರಿಯು ಪಾತ್ರೆಯ ಪಕ್ಕದಿಂದ ಹಾಯ್ದು ಗೋಡೆಯನ್ನೂ ಅಡಿಗೆ ಮಾಡುವವನನ್ನೂ ಕಾಯಿಸುತ್ತದೆ. ನಿತ್ಯದ ಬಳಕೆಯಲ್ಲಿ ನೂರಕ್ಕೆ ಅರುವತ್ತು ಪಾಲು ಪಾತ್ರೆಗೆ ಸಂದರೆ ಸಾಕೆನ್ನಬೇಕು. ಇಂಡಕ್ಷನ್ ಒಲೆಯಲ್ಲಿ ಪಾತ್ರೆಯ ತಳವೇ ಕಾಯುವುದರಿಂದ ನೂರಕ್ಕೆ ಎಂಬತ್ತೈದರಷ್ಟು ಸಲ್ಲುತ್ತದೆ. ಇವನ್ನು ಗುಣಿಸಿ ಭಾಗಿಸಿದರೆ, 14.2 ಕಿಲೋ ಸಿಲಿಂಡರಿನ ಕೆಲಸವನ್ನು ಇಂಡಕ್ಷನ್ ಒಲೆಯು ಸುಮಾರು 130 ಯೂನಿಟ್ಟಿನಲ್ಲಿಯೂ, 5 ಕಿಲೋ ಸಣ್ಣ ಸಿಲಿಂಡರಿನ ಕೆಲಸವನ್ನು ಸುಮಾರು 45 ಯೂನಿಟ್ಟಿನಲ್ಲಿಯೂ ಮಾಡುತ್ತದೆಂದು ತಿಳಿಯುತ್ತದೆ. ನೆನಪಿಡಬೇಕಾದ ಅಂಕಿಗಳು ಇವೆರಡೇ. ಯೂನಿಟ್ಟಿಗೆ 6 ರೂಪಾಯಿಯಾದರೆ 130 ಯೂನಿಟ್ಟಿಗೆ 780 ರೂಪಾಯಿ. 12 ರೂಪಾಯಿಯಾದರೆ 1,560. ಇದನ್ನು ಸಿಲಿಂಡರಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ವಾದವೇ ಉಳಿಯುವುದಿಲ್ಲ.

ಆದರೆ ಯಾವ ದರದಿಂದ ಗುಣಿಸಬೇಕು? ಎಷ್ಟೋ ಜನ ಎಡವುವುದು ಇಲ್ಲಿಯೇ. ಅನೇಕ ಕಡೆಗಳಲ್ಲಿ ಬಳಕೆ ಹೆಚ್ಚಿದಂತೆ ಯೂನಿಟ್ಟಿನ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅಂಥಲ್ಲಿ ಫ್ಯಾನು ದೀಪಗಳ ಮೇಲೆ ಒಲೆಯೂ ಸೇರಿದರೆ, ಒಲೆಯ ಯೂನಿಟ್ಟುಗಳು ಬೀಳುವುದು ಮೇಲಿನ ಮೆಟ್ಟಿಲಿನಲ್ಲಿ. ಆ ಮೆಟ್ಟಿಲಿನ ದರವನ್ನೇ ಹಿಡಿಯಬೇಕು. ಇನ್ನು ಖೋಲಿಯ ಯಜಮಾನನು ಒಳಮೀಟರು ಹಾಕಿ ತನ್ನದೇ ದರ ವಸೂಲು ಮಾಡುವಲ್ಲಿ ಕಂಪೆನಿಯ ದರಪಟ್ಟಿಯಿಂದ ಪ್ರಯೋಜನವಿಲ್ಲ. ಒಲೆ ಕೊಳ್ಳುವ ಮೊದಲು ಅವನ ದರ ಕೇಳಿಕೊಳ್ಳುವುದು ಕ್ಷೇಮ.

ಗ್ಯಾಸಿನಲ್ಲಿಯೂ ಎರಡು ಬೆಲೆಯುಂಟು. ಮನೆಬಳಕೆಯ ದೊಡ್ಡ ಸಿಲಿಂಡರಿಗೆ ವಿಳಾಸದ ದಾಖಲೆ ಬೇಕು. ಅದಿಲ್ಲದವರಿಗೆ ಗುರುತಿನ ಚೀಟಿಯೊಂದರ ಮೇಲೆ ದೊರೆಯುವ 5 ಕಿಲೋ ಸಿಲಿಂಡರಿದೆ. ಕಿಲೋ ಲೆಕ್ಕದಲ್ಲಿ ಅದು ದುಬಾರಿ. ಇದನ್ನು ಕಂಡು ಕೆಲವರು ಓಣಿಯ ಅಂಗಡಿಯಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಗ್ಯಾಸು ತುಂಬಿಸಿಕೊಳ್ಳುತ್ತಾರೆ. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಪರೀಕ್ಷೆಯಾಗದ ಡಬ್ಬಿಯನ್ನು ಮಲಗುವ ಕೋಣೆಗೆ ತಂದಂತೆ.

ಮಲಗುವ ಕೋಣೆ ಎಂದೆನಲ್ಲ, ನಮ್ಮವರ ಖೋಲಿಗಳಲ್ಲಿ ಅಡಿಗೆಮನೆಯೂ ಅದೇ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೇರಿ ಕಿಟಕಿಯಿಂದ ಹೋಗದೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಚಾಪೆ ಹಾಸಿ ಮಲಗುವವರ ತಲೆ ಇರುವುದು ಅಲ್ಲಿಯೇ. ಆದುದರಿಂದ ರಾತ್ರಿಪಾಳಿ ಮುಗಿಸಿ ಎಷ್ಟು ಹೊತ್ತಿಗೆ ಬಂದು ಅಡಿಗೆ ಮಾಡಿದರೂ, ಕೊನೆಗೆ ರೆಗ್ಯುಲೇಟರನ್ನು ಮುಚ್ಚದೆ ಮಲಗಕೂಡದು. ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ಎರಡರಲ್ಲಿಯೂ ಕಿಡಿ ಹಾರುತ್ತದೆ. ಬಾಗಿಲು ತೆರೆದು, ಮಲಗಿದವರನ್ನೆಲ್ಲ ಎಬ್ಬಿಸಿ ಹೊರಗೆ ಕಳಿಸಿ, ಹೊರಗಿನಿಂದಲೇ 1906ಕ್ಕೆ ಫೋನು ಮಾಡಬೇಕು.

ವಿದ್ಯುತ್ತಿಗೆ ಈ ಭಯವಿಲ್ಲ, ಬೇರೆಯದಿದೆ. 2,000 ವಾಟಿನ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಫ್ಯಾನು ದೀಪಗಳಿಗಿರುವ ಸಣ್ಣ ಸಾಕೆಟ್ಟು 6 ಆಂಪಿಯರಿನದು. ಒಲೆಗೆ 16 ಆಂಪಿಯರಿನ ದೊಡ್ಡ ಸಾಕೆಟ್ಟೂ ಅದಕ್ಕೆ ತಕ್ಕ ದಪ್ಪ ತಂತಿಯೂ ಬೇಕು. ಹಳೆಯ ಚಾಳುಗಳಲ್ಲಿ ಸಾಕೆಟ್ಟು ಹೊಸದಾಗಿದ್ದು ಗೋಡೆಯೊಳಗಿನ ತಂತಿ ಅಜ್ಜನ ಕಾಲದ್ದಾಗಿರುವುದುಂಟು. ಹತ್ತು ನಿಮಿಷ ಒಲೆ ಉರಿಸಿ, ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಮುಟ್ಟಿ ನೋಡಿ. ಕೈಗೆ ಬಿಸಿ ತಾಕಿದರೆ ಇಲೆಕ್ಟ್ರಿಶಿಯನ್ನನಿಗೆ ತೋರಿಸುವ ತನಕ ಆ ಒಲೆಯನ್ನು ಮೂಲೆಯಲ್ಲಿಡುವುದೇ ಮೇಲು. ಫ್ಯೂಜು ಹೋಯಿತೆಂದು ದಪ್ಪ ತಂತಿ ಕಟ್ಟುವ ಜಾಣರು ಎಲ್ಲ ಚಾಳಿನಲ್ಲಿಯೂ ಒಬ್ಬರಿರುತ್ತಾರೆ. ಅವರ ಕೈಗೆ ಆ ಕೆಲಸ ಕೊಡಬೇಡಿ.

ತಂತಿ ಗಟ್ಟಿಯಿದ್ದು ದರ ನ್ಯಾಯವಾಗಿದ್ದರೆ, ನೆಲದ ಮೇಲೆ ಮಲಗುವ ನಾಲ್ವರ ಖೋಲಿಗೆ ವಿದ್ಯುತ್ತೇ ವಾಸಿಯೆಂದು ನನ್ನ ಅಭಿಪ್ರಾಯ. ಅನ್ನ, ಬೇಳೆ, ಕಾಫಿಗೆ ಅದರಲ್ಲಿ ಕೊರತೆಯಿಲ್ಲ. ವಿಜಾಪುರ, ಕಲಬುರಗಿ ಕಡೆಯವರು ಮಾತ್ರ ಇದನ್ನು ಒಪ್ಪಲಾರರು, ಅವರ ಮಾತಿನಲ್ಲಿ ನ್ಯಾಯವೂ ಇದೆ. ಜೋಳದ ರೊಟ್ಟಿ ಕೊನೆಗೆ ಉಬ್ಬಬೇಕಾದರೆ ಬೆಂಕಿಯ ಮುಖ ಕಾಣಬೇಕು. ಇಂಡಕ್ಷನ್ ಒಲೆಯಲ್ಲಿ ಬೆಂಕಿಯೇ ಇಲ್ಲ, ಹಂಚೂ ನಡುವೆ ಕಾದು ಅಂಚಿನಲ್ಲಿ ತಣ್ಣಗಿರುತ್ತದೆ. ಮುದ್ದೆಯವರಿಗೆ ಬೇರೊಂದು ತೊಡಕು. ಕೋಲು ಹಾಕಿ ಬಲವಾಗಿ ತೊಳಸಿದರೆ ನುಣುಪು ಗಾಜಿನ ಮೇಲೆ ಪಾತ್ರೆ ಜಾರುತ್ತದೆ, ಗಾಜಿಗೆ ಪೆಟ್ಟು ಬೀಳುವುದೂ ಉಂಟು. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ ಕಾಲಲ್ಲಿ ಒತ್ತಿ ಹಿಡಿದು ತೊಳಸಬೇಕು. ರೊಟ್ಟಿ ಬಿಡಲಾರದವರು ಅದಕ್ಕೆಂದು 5 ಕಿಲೋ ಸಿಲಿಂಡರಿಟ್ಟುಕೊಂಡು ಉಳಿದುದನ್ನೆಲ್ಲ ವಿದ್ಯುತ್ತಿನಲ್ಲಿ ಮಾಡಿಕೊಂಡರೆ ಅದು ಬಹುಕಾಲ ಬರುತ್ತದೆ.

ಇಂಡಕ್ಷನ್ ಒಲೆ ತರುವವರು ಊರಿಂದ ತಂದ ಅಲ್ಯುಮಿನಿಯಮ್ ಪಾತ್ರೆಗಳನ್ನು ನಂಬಬಾರದು. ಅವು ಅದರ ಮೇಲೆ ಕಾಯುವುದಿಲ್ಲ. ಹಿತ್ತಾಳೆಯೂ ಅಷ್ಟೇ. ಸ್ಟೀಲಿನಲ್ಲಿಯೂ ಕೆಲವು ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ಪಾತ್ರೆ ಅಂಗಡಿಗೆ ಹೋಗುವಾಗ ಒಂದು ಸಣ್ಣ ಅಯಸ್ಕಾಂತವನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ, ತಳಕ್ಕೆ ಗಟ್ಟಿಯಾಗಿ ಅಂಟಿದರೆ ಮಾತ್ರ ಕೊಳ್ಳಿರಿ.