ಗ್ರೂಪಿಗೆ ಬಂದ ವಿಡಿಯೊ, ಹೊಣೆ ಯಾರದು?

2024ರ ಏಪ್ರಿಲ್. ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ದಾಟಿದವು. ಅವುಗಳೊಳಗಿನ ಅಶ್ಲೀಲ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಆ ವಿಡಿಯೊಗಳಲ್ಲಿದ್ದ ಹೆಣ್ಣುಮಕ್ಕಳ ಬದುಕು ಬೀದಿಗೆ ಬಿತ್ತು.

ಹೊಳೆನರಸೀಪುರ ಠಾಣೆಯಲ್ಲಿ ಲೈಂಗಿಕ ದೌರ್ಜನ್ಯದ ಪ್ರಕರಣ ದಾಖಲಾಯಿತು. ತನಿಖೆಗಿಳಿದ ವಿಶೇಷ ತನಿಖಾ ತಂಡ (ಎಸ್‌ಐಟಿ) ಎಚ್ಚರಿಸಿತು: ಈ ವಿಡಿಯೊ ಹಂಚುವುದೂ ಅಪರಾಧವೇ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಎ ಕಲಮಿನಡಿ ಮೊದಲ ಸಲವೇ ಐದು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ.

ಹಾಗಾದರೆ ವಾಟ್ಸ್‌ಆ್ಯಪ್ ಗ್ರೂಪ್ ಅಡ್ಮಿನ್ ಕಥೆ ಏನು?

ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ತಲೆ ಕೊಡಬೇಕಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿತು. ಆದರೆ ಅಡ್ಮಿನ್ ತಾನೇ ಫಾರ್ವರ್ಡ್ ಮಾಡಿದರೆ ಆ ತಪ್ಪು ಅವನದೇ.

ಇನ್ನು ಸಾಮಾಜಿಕ ಜಾಲತಾಣ ಕಂಪನಿಗಳು. ಬಳಕೆದಾರರು ಹಾಕಿದ್ದಕ್ಕೆ ಅವುಗಳಿಗೆ ಐಟಿ ಕಾಯ್ದೆಯ 79ನೇ ಕಲಮಿನ ರಕ್ಷಣೆ ಇದೆ, ನಿಯಮ ಪಾಲಿಸಿದರೆ ಮಾತ್ರ. 2021ರ ಐಟಿ ನಿಯಮಗಳು ದೂರು ಅಧಿಕಾರಿಯನ್ನು ಕಡ್ಡಾಯ ಮಾಡಿದವು. ಖಾಸಗಿ ಚಿತ್ರಗಳ ಬಗ್ಗೆ ಸಂತ್ರಸ್ತೆ ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಬೇಕು ಎಂದು ಆಗ ಹೇಳಿದ್ದವು.

ಸರ್ಕಾರದ ಕೈಗೂ ಲಗಾಮುಂಟು. 'ಕಿರಿಕಿರಿ' ತರುವ ಪೋಸ್ಟಿಗೂ ಬಂಧಿಸಬಹುದಾಗಿದ್ದ ಅದೇ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಆದರೆ ಪೋಸ್ಟ್ ತೆಗೆಸಲು ಕೇಂದ್ರ ಬಳಸುವ 'ಸಹಯೋಗ್' ಪೋರ್ಟಲನ್ನು ಪ್ರಶ್ನಿಸಿದ್ದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು.

ಅರಕಲಗೂಡಿನಲ್ಲೋ ಚನ್ನರಾಯಪಟ್ಟಣದಲ್ಲೋ ಇಂಥ ವಿಡಿಯೊ ಗ್ರೂಪಿಗೆ ಬಂದರೆ? ಮುಂದಕ್ಕೆ ಕಳಿಸಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಮಹಿಳೆಯರು, ಮಕ್ಕಳಿಗೆ ಸಂಬಂಧಿಸಿದ ದೂರಿಗೆ ಹೆಸರು ಹೇಳಬೇಕೆಂದೇನೂ ಇಲ್ಲ.