ಶಾಲೆಯ ಜೀವಾಳ ಶಿಕ್ಷಕ

ಮಡಕೆಗೆ ಮಣ್ಣು ಉಪಾದಾನ ಕಾರಣ, ಕುಂಬಾರನು ನಿಮಿತ್ತ ಕಾರಣ ಎನ್ನುತ್ತದೆ ತರ್ಕಶಾಸ್ತ್ರ. ಮಣ್ಣು ಎಷ್ಟೇ ಇದ್ದರೂ ಕುಂಬಾರನಿಲ್ಲದೆ ಮಡಕೆಯಾಗದು. ಶಾಲೆಯ ವಿಷಯದಲ್ಲಿಯೂ ಇದು ಸತ್ಯ. ಮಕ್ಕಳ ಸಂಖ್ಯೆ ಇಳಿಯತೊಡಗಿದಾಗ ಆಡಳಿತ ಮಂಡಳಿಗಳು ಕಟ್ಟಡಕ್ಕೆ ಬಣ್ಣ ಬಳಿಸುತ್ತವೆ, ಸಮವಸ್ತ್ರ ಬದಲಿಸುತ್ತವೆ, ಗಣಕಯಂತ್ರ ತರಿಸುತ್ತವೆ. ಶಿಕ್ಷಕನತ್ತ ದೃಷ್ಟಿ ಹರಿಯುವುದು ಕಟ್ಟಕಡೆಗೆ.

ಈ ಕ್ರಮವನ್ನು ತಲೆಕೆಳಗು ಮಾಡಿದವರು ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್. ಫ್ರಾನ್ಸಿನ ರೀಮ್ಸ್ ನಗರದ ಸಿರಿವಂತ ಮನೆತನದಲ್ಲಿ 1651ರಲ್ಲಿ ಜನಿಸಿದ ಇವರು ಅಲ್ಲಿನ ಪ್ರಧಾನಾಲಯದಲ್ಲಿ ಗೌರವಾನ್ವಿತ ಪದವಿಯಲ್ಲಿದ್ದ ಗುರುಗಳು. 1679ರಲ್ಲಿ ಆದ್ರಿಯೇನ್ ನಿಯೆಲ್ ಎಂಬ ವಿಶ್ವಾಸಿಯೊಡನೆ ಬಡ ಬಾಲಕರಿಗಾಗಿ ಶಾಲೆ ತೆರೆಯಲು ನೆರವಾದರು. ಶಾಲೆಗಳು ಬೇಗನೆ ಹೆಚ್ಚಿದವು. ಆದರೆ ಶಿಕ್ಷಕರಿಗೆ ತರಬೇತಿಯಿಲ್ಲ, ಮಾರ್ಗದರ್ಶನವಿಲ್ಲ, ಪಾಠದಲ್ಲಿ ಶಿಸ್ತಿಲ್ಲ. ಡಿ ಲಾ ಸಾಲರು ಅವರನ್ನು ಹೊರಗಟ್ಟಲಿಲ್ಲ. ಮೊದಲು ತಮ್ಮ ಮನೆಯ ಊಟಕ್ಕೆ ಕರೆದರು. 1681ರಲ್ಲಿ ಮನೆಯಲ್ಲಿಯೇ ಇರಿಸಿಕೊಂಡರು. ಬಂಧುಗಳು ಮುನಿದರು. ಹೊಸ ಶಿಸ್ತಿಗೆ ಒಗ್ಗದೆ ಕೆಲವು ಶಿಕ್ಷಕರು ಬಿಟ್ಟುಹೋದರು. ಅವರ ಸ್ಥಾನಕ್ಕೆ ಯೋಗ್ಯರು ಬಂದರು.

ಆದರೂ ಶಿಕ್ಷಕರಿಗೆ ನಾಳಿನ ಚಿಂತೆ ಕಾಡುತ್ತಿತ್ತು. ದೇವರ ಪರಿಪಾಲನೆಯಲ್ಲಿ ಭರವಸೆಯಿಡಿ ಎಂದು ಡಿ ಲಾ ಸಾಲರು ಉಪದೇಶಿಸಿದಾಗ, ಸ್ಥಿರ ವರಮಾನವುಳ್ಳ ತಮಗೆ ಹಾಗೆ ಹೇಳುವುದು ಸುಲಭವೆಂದು ಅವರು ನೇರವಾಗಿಯೇ ನುಡಿದರು. ಆ ಮಾತು ನಾಟಿತು. 1683ರಲ್ಲಿ ಪ್ರಧಾನಾಲಯದ ಪದವಿಯನ್ನು ತ್ಯಜಿಸಿದರು. 1684-85ರ ಕ್ಷಾಮದಲ್ಲಿ ತಮ್ಮ ಸಂಪತ್ತನ್ನು ಹಸಿದವರಿಗೆ ಹಂಚಿದರು. ಶಿಕ್ಷಕರಿಗೆ ತ್ಯಾಗವನ್ನು ಬೋಧಿಸುವ ಮುನ್ನ ತಾವೇ ಅವರ ಪಂಕ್ತಿಯಲ್ಲಿ ಕುಳಿತರು.

ಅಷ್ಟಕ್ಕೇ ನಿಲ್ಲದೆ ಹಳ್ಳಿಗಳ ಶಿಕ್ಷಕರಿಗಾಗಿ ತರಬೇತಿ ಶಾಲೆಯನ್ನು ತೆರೆದರು. ಅನುಭವಿ ಸಹೋದರರೊಡನೆ ಸಮಾಲೋಚಿಸಿ ಬೋಧನಾಕ್ರಮದ ಕೈಪಿಡಿಯೊಂದನ್ನು ರಚಿಸಿದರು. ಅವರು ದೈವಾಧೀನರಾದ ಮರುವರ್ಷ, 1720ರಲ್ಲಿ, ಅದು ಅಚ್ಚಾಯಿತು. ಶಾಲೆಗಳ ಮೇಲ್ವಿಚಾರಕನ ಕರ್ತವ್ಯಗಳನ್ನೂ ಹೊಸ ಶಿಕ್ಷಕರನ್ನು ತಿದ್ದುವ ಬಗೆಯನ್ನೂ ಆ ಕೃತಿ ವಿವರಿಸುತ್ತದೆ. ಮೇಲ್ವಿಚಾರಣೆಯೆಂದರೆ ತಪ್ಪು ಹುಡುಕುವುದಲ್ಲ, ಜೊತೆಗಿದ್ದು ಬೆಳೆಸುವುದು ಎಂಬುದೇ ಅದರಿಂದ ನಾವು ಕಲಿಯಬೇಕಾದ ಪಾಠ. 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್‌ರವರು ಈ ಸಂತರನ್ನು ಶಿಕ್ಷಕರ ಪಾಲಕರೆಂದು ಘೋಷಿಸಿದರು.

ನಮ್ಮ ಧರ್ಮಕೇಂದ್ರಗಳ ಕನ್ನಡ ಶಾಲೆಗಳಿಗೆ ಈ ಪಾಠ ಇಂದು ಅತ್ಯಗತ್ಯ. ಅನುದಾನಿತ ಶಿಕ್ಷಕರು ನಿವೃತ್ತರಾದ ಮೇಲೆ ಆ ಸ್ಥಾನ ವರ್ಷಗಟ್ಟಲೆ ತೆರವಾಗಿರುವುದುಂಟು. ಅಲ್ಲಿ ಅಲ್ಪ ವೇತನಕ್ಕೆ ದುಡಿಯುವ ಯುವ ಶಿಕ್ಷಕಿಗೆ ಮುಂದಿನ ಜೂನ್ ತಿಂಗಳಲ್ಲಿ ಕೆಲಸ ಉಳಿಯುವುದೇ ಎಂಬುದೂ ತಿಳಿಯದು. ಆಕೆಯಿಂದ ಸೇವಾಮನೋಭಾವವನ್ನು ಅಪೇಕ್ಷಿಸುವವರು ಆಕೆಗೆ ನ್ಯಾಯವಾದ ವೇತನವನ್ನೂ ಕಲಿಯುವ ಅವಕಾಶವನ್ನೂ ಒದಗಿಸಬೇಡವೇ? ಕೆಲಸಗಾರನು ತನ್ನ ಕೂಲಿಗೆ ಯೋಗ್ಯನು ಎಂಬುದು ಪ್ರಭು ಯೇಸುವಿನ ಬೋಧನೆಯೇ ಅಲ್ಲವೇ?

ಕಥೋಲಿಕ ಶಾಲೆ ತನ್ನ ಗುರಿಯನ್ನು ಮುಟ್ಟುವುದು ಮುಖ್ಯವಾಗಿ ಶಿಕ್ಷಕರನ್ನೇ ಅವಲಂಬಿಸಿದೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿತು. ಆದುದರಿಂದ ಹಬ್ಬದ ದೀಪಾಲಂಕಾರದ ವೆಚ್ಚದಲ್ಲಿ ಒಂದು ಪಾಲನ್ನು ಶಿಕ್ಷಕರ ವೇತನನಿಧಿಗೆ ಮೀಸಲಿಡೋಣ. ಹಿರಿಯ ಶಿಕ್ಷಕರು ವಾರಕ್ಕೊಮ್ಮೆ ಕಿರಿಯರ ತರಗತಿಯಲ್ಲಿ ಕುಳಿತು ಪ್ರೀತಿಯಿಂದ ತಿದ್ದಲಿ. ತಂದೆತಾಯಿಗಳು ದೂರು ಹೇಳಲು ಮಾತ್ರವಲ್ಲ, ಕೃತಜ್ಞತೆ ಸಲ್ಲಿಸಲೂ ಶಾಲೆಯ ಮೆಟ್ಟಿಲೇರಲಿ. ಕುಂಬಾರನ ಕೈ ಗಟ್ಟಿಯಾದರೆ ಮಡಕೆ ತಾನಾಗಿ ರೂಪುಗೊಳ್ಳುವುದು.