ಪ್ರಾಣಿಜನ್ಯ ವಸ್ತುಗಳ ಸೇವನೆ ಮತ್ತು ವ್ಯಾಪಾರದ ಇಸ್ಲಾಮೀ ನಿಯಮಗಳು

ಪ್ರಾಣಿಜನ್ಯ ವಸ್ತುಗಳ ಸೇವನೆ ಮತ್ತು ವ್ಯಾಪಾರದ ಇಸ್ಲಾಮೀ ನಿಯಮಗಳು ಇಸ್ಲಾಮೀ ಧರ್ಮಶಾಸ್ತ್ರದ (ಫಿಕ್‌ಹ್) ಒಂದು ಭಾಗ. ಮಾಂಸ, ಕೊಬ್ಬು, ತೊಗಲು, ಉಣ್ಣೆ, ಎಲುಬು ಮೊದಲಾದವುಗಳಲ್ಲಿ ಯಾವುದನ್ನು ತಿನ್ನಬಹುದು, ಯಾವುದನ್ನು ಬಳಸಬಹುದು ಮತ್ತು ಯಾವುದನ್ನು ಮಾರಬಹುದು ಎಂಬುದನ್ನು ಇವು ನಿರ್ಧರಿಸುತ್ತವೆ. ಈ ಮೂರೂ ಬೇರೆ ಬೇರೆ ಪ್ರಶ್ನೆಗಳು. ತಿನ್ನಬಾರದ ವಸ್ತುವೆಲ್ಲವೂ ಬಳಸಬಾರದ ವಸ್ತುವಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಂತಹ ಕೃಷಿಪ್ರಧಾನ ಪ್ರದೇಶಗಳಲ್ಲಿ ಈ ನಿಯಮಗಳು ಊಟದ ಜೊತೆಗೆ ದನ-ಕುರಿ ಸಾಕಣೆ, ತೊಗಲು ಮತ್ತು ಗೊಬ್ಬರದ ವ್ಯವಹಾರಕ್ಕೂ ಸಂಬಂಧಿಸಿವೆ.

ಮೂಲ ಮತ್ತು ಪಂಥಗಳು

ಕುರಾನಿನ ಎರಡನೆಯ, ಐದನೆಯ, ಆರನೆಯ ಮತ್ತು ಹದಿನಾರನೆಯ ಅಧ್ಯಾಯಗಳಲ್ಲಿ ನಾಲ್ಕು ವಸ್ತುಗಳನ್ನು ನಿಷಿದ್ಧವೆಂದು (ಹರಾಮ್) ಹೇಳಲಾಗಿದೆ: ತಾನಾಗಿ ಸತ್ತ ಪ್ರಾಣಿ, ಹರಿದ ರಕ್ತ, ಹಂದಿಯ ಮಾಂಸ ಮತ್ತು ಅಲ್ಲಾಹನನ್ನು ಬಿಟ್ಟು ಅನ್ಯರ ಹೆಸರಿನಲ್ಲಿ ಬಲಿಕೊಟ್ಟ ಪ್ರಾಣಿ. ಹಸಿವಿನಿಂದ ಪ್ರಾಣಾಪಾಯಕ್ಕೆ ಸಿಲುಕಿದವನಿಗೆ ಅಗತ್ಯವಿದ್ದಷ್ಟು ಸೇವನೆಗೆ ವಿನಾಯಿತಿ ಇದೆ. ವಿವರಗಳಲ್ಲಿ ಧರ್ಮಶಾಸ್ತ್ರದ ಪಂಥಗಳು ಭಿನ್ನವಾಗುತ್ತವೆ. ಕರ್ನಾಟಕದ ಕರಾವಳಿಯ ಬ್ಯಾರಿ ಮತ್ತು ನವಾಯತ ಸಮುದಾಯಗಳು ಶಾಫಿ ಪಂಥವನ್ನು ಅನುಸರಿಸುತ್ತವೆ. ೧೯೪೮ರವರೆಗೆ ನವಾಬರ ಸಂಸ್ಥಾನವಾಗಿದ್ದ ಸವಣೂರನ್ನು ಒಳಗೊಂಡ ಒಳನಾಡಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ ಪಂಥದವರು.

ಸೇವನೆಯ ನಿಯಮಗಳು

ದನ, ಎಮ್ಮೆ, ಕುರಿ, ಮೇಕೆ, ಒಂಟೆ, ಕೋಳಿ ಮೊದಲಾದವು ಸೇವನೆಗೆ ಯೋಗ್ಯವಾದ ಪ್ರಾಣಿಗಳು. ಕೋರೆಹಲ್ಲಿನಿಂದ ಬೇಟೆಯಾಡುವ ಮೃಗಗಳು ಮತ್ತು ಉಗುರಿನಿಂದ ಬೇಟೆಯಾಡುವ ಪಕ್ಷಿಗಳು ವರ್ಜ್ಯ. ಯೋಗ್ಯವಾದ ಪ್ರಾಣಿಯೂ ವಿಧಿಬದ್ಧವಾಗಿ ಕೊಯ್ದಾಗ (ಜಬಹ್) ಮಾತ್ರ ಹಲಾಲ್ ಆಗುತ್ತದೆ. ಕೊಯ್ಯುವಾಗ ಪ್ರಾಣಿ ಜೀವಂತವಾಗಿರಬೇಕು, ಚೂರಿ ಹರಿತವಾಗಿರಬೇಕು, ಅಲ್ಲಾಹನ ಹೆಸರನ್ನು ಹೇಳಬೇಕು. ಶ್ವಾಸನಾಳ, ಅನ್ನನಾಳ ಮತ್ತು ಕುತ್ತಿಗೆಯ ಎರಡು ರಕ್ತನಾಳಗಳಲ್ಲಿ ಕನಿಷ್ಠ ಮೂರು ಕತ್ತರಿಸಬೇಕೆಂಬುದು ಹನಫಿ ಮತ. ಬೇಕೆಂದೇ ದೇವರ ಹೆಸರನ್ನು ಬಿಟ್ಟರೆ ಹನಫಿ ಮತದ ಪ್ರಕಾರ ಮಾಂಸ ನಿಷಿದ್ಧವಾಗುತ್ತದೆ. ಶಾಫಿ ಮತದಲ್ಲಿ ಹೆಸರು ಹೇಳುವುದು ಕಡ್ಡಾಯವಲ್ಲ, ಶ್ರೇಷ್ಠ ಆಚರಣೆ. ಒಂದು ಪ್ರಾಣಿಯ ಎದುರಿನಲ್ಲಿ ಚೂರಿ ಮಸೆಯುವುದನ್ನೂ ಇನ್ನೊಂದನ್ನು ಕೊಯ್ಯುವುದನ್ನೂ ಧರ್ಮಶಾಸ್ತ್ರಜ್ಞರು ಒಪ್ಪುವುದಿಲ್ಲ.

ಮೀನಿಗೆ ಕೊಯ್ಯುವ ವಿಧಿ ಇಲ್ಲ. ಆದ್ದರಿಂದ ವರದಾ ನದಿಯಲ್ಲಿ ಅಥವಾ ಹಾನಗಲ್ಲ ಸೀಮೆಯ ಕೆರೆಗಳಲ್ಲಿ ಯಾರೇ ಹಿಡಿದ ಮೀನನ್ನೂ ಕೊಂಡು ತಿನ್ನಬಹುದು. ಆದರೆ ತಾನಾಗಿ ಸತ್ತು ತೇಲುವ ಮೀನನ್ನು ಹನಫಿಗಳು ವರ್ಜಿಸುತ್ತಾರೆ. ಈ ಪಂಥದಲ್ಲಿ ಜಲಚರಗಳ ಪೈಕಿ ಮೀನು ಮಾತ್ರ ಯೋಗ್ಯವಾದುದರಿಂದ ಭತ್ತದ ಗದ್ದೆಯ ಏಡಿಗೂ ಅನುಮತಿ ಇಲ್ಲ. ಸೀಗಡಿಯನ್ನು ಮೀನೆಂದು ಎಣಿಸಬೇಕೇ ಎಂಬುದರಲ್ಲಿ ಹನಫಿ ವಿದ್ವಾಂಸರೊಳಗೇ ಭಿನ್ನಾಭಿಪ್ರಾಯವಿದೆ.

ಸತ್ತ ಪ್ರಾಣಿ, ತೊಗಲು ಮತ್ತು ವ್ಯಾಪಾರ

ತಿನ್ನಲು ನಿಷಿದ್ಧವಾದ ಸತ್ತ ಪ್ರಾಣಿಯನ್ನು ಮಾರುವುದೂ ನಿಷಿದ್ಧ. ಮದ್ಯ, ಸತ್ತ ಪ್ರಾಣಿ, ಹಂದಿ ಮತ್ತು ವಿಗ್ರಹಗಳ ಮಾರಾಟವನ್ನು ಪ್ರವಾದಿ ಮುಹಮ್ಮದರು ಮಕ್ಕಾ ವಿಜಯದ ವರ್ಷದಲ್ಲಿ ನಿಷೇಧಿಸಿದರೆಂದು ಹದೀಸ್ ಸಂಗ್ರಹಗಳು ದಾಖಲಿಸುತ್ತವೆ. ಸತ್ತ ಪ್ರಾಣಿಯ ತೊಗಲನ್ನು ಹದ ಮಾಡಿದರೆ ಅದು ಶುದ್ಧವಾಗುತ್ತದೆ ಎಂಬ ವಿಧಿಯೂ ಹದೀಸಿನಲ್ಲಿದೆ. ಹನಫಿಗಳು ಇದರಿಂದ ಹಂದಿಯ ತೊಗಲನ್ನು ಹೊರಗಿಡುತ್ತಾರೆ. ಶಾಫಿಗಳು ನಾಯಿಯ ತೊಗಲನ್ನೂ ಹೊರಗಿಡುತ್ತಾರೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ರೈತನೊಬ್ಬನ ಎತ್ತು ರೋಗದಿಂದ ಸತ್ತರೆ ಅದರ ಮಾಂಸವನ್ನಾಗಲಿ ಹಸಿ ತೊಗಲನ್ನಾಗಲಿ ಮಾರಿ ಹಣ ಪಡೆಯುವುದು ಹನಫಿ ಮತದಲ್ಲಿ ಸಿಂಧುವಲ್ಲ. ಅದೇ ತೊಗಲನ್ನು ಹದ ಮಾಡಿಸಿದ ಬಳಿಕ ಮಾರಬಹುದು, ಅದರಿಂದ ಚಪ್ಪಲಿ ಮಾಡಿಸಬಹುದು. ಕೂದಲು, ಕೊಂಬು ಮತ್ತು ಒಣ ಎಲುಬುಗಳಲ್ಲಿ ಜೀವವಿಲ್ಲವೆಂಬ ಕಾರಣದಿಂದ ಹನಫಿಗಳು ಅವುಗಳನ್ನು ಶುದ್ಧವೆನ್ನುತ್ತಾರೆ. ಜೀವಂತ ಕುರಿಯಿಂದ ಕತ್ತರಿಸಿದ ಉಣ್ಣೆಯ ಬಗ್ಗೆ ಪಂಥಗಳಲ್ಲಿ ವಿವಾದವಿಲ್ಲ. ಕಂಬಳಿ ನೇಯ್ಗೆಗೆ ಯಾವ ಅಡ್ಡಿಯೂ ಇಲ್ಲ. ಸಗಣಿ ಅಶುದ್ಧವಾದರೂ ಗೊಬ್ಬರವಾಗಿ ಪ್ರಯೋಜನಕಾರಿಯಾದುದರಿಂದ ಹನಫಿಗಳು ಅದರ ಮಾರಾಟವನ್ನು ಒಪ್ಪುತ್ತಾರೆ, ಶಾಫಿಗಳು ಒಪ್ಪುವುದಿಲ್ಲ.

ಕುರ್ಬಾನಿ

ಬಕ್ರೀದ್ ಹಬ್ಬದ ಕುರ್ಬಾನಿಗೆ ಮೇಕೆಗೆ ಕನಿಷ್ಠ ಒಂದು ವರ್ಷ, ದನ ಮತ್ತು ಎಮ್ಮೆಗೆ ಎರಡು ವರ್ಷ ತುಂಬಿರಬೇಕು. ಒಂದು ವರ್ಷದ ಕುರಿಯಂತೆ ಕಾಣುವಷ್ಟು ಬೆಳೆದಿದ್ದರೆ ಆರು ತಿಂಗಳ ಕುರಿಯೂ ಸಲ್ಲುತ್ತದೆ. ಕುರಿ ಅಥವಾ ಮೇಕೆ ಒಬ್ಬರ ಪಾಲಿಗೆ ಸಲ್ಲುತ್ತದೆ. ದೊಡ್ಡ ಪ್ರಾಣಿಯಲ್ಲಿ ಏಳು ಮಂದಿ ಪಾಲುಗೊಳ್ಳಬಹುದು. ಮಾಂಸವನ್ನು ಮಾರುವಂತಿಲ್ಲ. ಕೊಯ್ಯುವವನ ಕೂಲಿಯನ್ನು ಮಾಂಸ ಅಥವಾ ತೊಗಲಿನ ರೂಪದಲ್ಲಿ ಕೊಡುವಂತಿಲ್ಲ. ತೊಗಲನ್ನು ಹಣಕ್ಕೆ ಮಾರಿದರೆ ಆ ಹಣವನ್ನು ದಾನ ಮಾಡಬೇಕು. ಹೀಗಾಗಿ ಕುರ್ಬಾನಿಯ ತೊಗಲನ್ನು ಮದರಸಾಗಳಿಗೆ ಕೊಡುವ ರೂಢಿ ಬೆಳೆದಿದೆ.

ಸ್ಥಳೀಯ ಆಚರಣೆ

ದಖ್ಖನ್ನಿನ ಹಳ್ಳಿಗಳ ಆಯಗಾರ ಪದ್ಧತಿಯಲ್ಲಿ ಕುರಿ-ಮೇಕೆ ಕೊಯ್ಯುವ ಕೆಲಸವನ್ನು ಮುಲ್ಲಾ ಮನೆತನದವರು ನಿರ್ವಹಿಸುತ್ತಿದ್ದರು. ಕುರುಬರು ಸಾಕಿದ ಕುರಿಯನ್ನು ಮುಲ್ಲಾ ಕೊಯ್ದರೆ ಮಾಂಸವನ್ನು ಹಿಂದೂಗಳೂ ಮುಸ್ಲಿಮರೂ ತಿನ್ನಲು ಸಾಧ್ಯವಾಗುತ್ತಿತ್ತು. ೨೦೨೨ರ ಯುಗಾದಿಯ ಸಂದರ್ಭದಲ್ಲಿ, ಹೊಸತೊಡಕಿಗೆ ಹಲಾಲ್ ಮಾಂಸವನ್ನು ಕೊಳ್ಳಬಾರದೆಂದು ರಾಜ್ಯದಲ್ಲಿ ಕೆಲವು ಹಿಂದೂ ಸಂಘಟನೆಗಳು ಪ್ರಚಾರ ಕೈಗೊಂಡವು.

ಕಾನೂನಿನ ಸಂಬಂಧ

೧೯೬೦ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ ೨೮ನೆಯ ಪ್ರಕರಣದಂತೆ, ಯಾವುದೇ ಸಮುದಾಯದ ಧರ್ಮವು ವಿಧಿಸಿದ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ಆ ಅಧಿನಿಯಮದಡಿ ಅಪರಾಧವಲ್ಲ. ಆದರೆ ಯಾವ ಪ್ರಾಣಿಯನ್ನು ಕೊಯ್ಯಬಹುದು ಎಂಬುದನ್ನು ರಾಜ್ಯದ ಕಾನೂನು ನಿರ್ಧರಿಸುತ್ತದೆ. ೧೯೬೪ರ ರಾಜ್ಯ ಕಾನೂನು ಹಸುವಿನ ವಧೆಯನ್ನು ನಿಷೇಧಿಸಿ, ೧೨ ವರ್ಷ ಮೀರಿದ ಎತ್ತು ಮತ್ತು ಎಮ್ಮೆಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ನೀಡಿತ್ತು. ೨೦೨೧ರಲ್ಲಿ ಜಾರಿಗೆ ಬಂದ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, ೨೦೨೦ ಎತ್ತು, ಹೋರಿಗಳನ್ನೂ ೧೩ ವರ್ಷದೊಳಗಿನ ಎಮ್ಮೆ, ಕೋಣಗಳನ್ನೂ ನಿಷೇಧದ ವ್ಯಾಪ್ತಿಗೆ ತಂದಿತು. ಮೊದಲ ಅಪರಾಧಕ್ಕೆ ೩ರಿಂದ ೭ ವರ್ಷಗಳ ಸೆರೆವಾಸ ಮತ್ತು ಪ್ರತಿ ಜಾನುವಾರಿಗೆ ೫೦,೦೦೦ ರೂಪಾಯಿಗಳಿಂದ ೫ ಲಕ್ಷ ರೂಪಾಯಿಗಳವರೆಗೆ ದಂಡವಿದೆ.

ಧರ್ಮಶಾಸ್ತ್ರದ ದೃಷ್ಟಿಯಲ್ಲಿ ಈ ನಿಷೇಧದಿಂದ ಕುರ್ಬಾನಿ ಅಸಾಧ್ಯವಾಗುವುದಿಲ್ಲ, ಏಕೆಂದರೆ ದನವನ್ನೇ ಅರ್ಪಿಸಬೇಕೆಂಬ ವಿಧಿ ಇಲ್ಲ. ೧೯೫೮ರ ಮೊಹಮ್ಮದ್ ಹನೀಫ್ ಖುರೇಶಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದೇ ಕಾರಣವನ್ನು ಎತ್ತಿಹಿಡಿಯಿತು. ಆದರೆ ಏಳು ಕುಟುಂಬಗಳು ಒಂದು ದೊಡ್ಡ ಪ್ರಾಣಿಯಲ್ಲಿ ಹಂಚಿಕೊಳ್ಳುತ್ತಿದ್ದ ವೆಚ್ಚ, ಕುರಿ ಅಥವಾ ಮೇಕೆಯಾದರೆ ಪ್ರತಿ ಪಾಲುದಾರನ ಮೇಲೂ ಪೂರ್ತಿಯಾಗಿ ಬೀಳುತ್ತದೆ. ಉಳುಮೆಗೆ ಬಾರದ ಎತ್ತನ್ನು ಮಾಂಸಕ್ಕಾಗಿ ಮಾರುವ ದಾರಿಯೂ ಮುಚ್ಚಿರುವುದರಿಂದ, ಅದನ್ನು ಸಾಯುವವರೆಗೆ ಸಾಕುವ ಹೊಣೆ ಯಾವ ಧರ್ಮದ ರೈತನಾದರೂ ಅವನ ಮೇಲೆ ಉಳಿಯುತ್ತದೆ.